ಯಜಮಾನರು ಬಾಯಿ ಬಿಡುವ ತನಕ

ನಮ್ಮ ದ್ವೀಪದ ಅಪಿಯಾ ಪಟ್ಟಣದಲ್ಲಿ ನಿಂತು ನಿಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿ. ಗುಡ್ಡದ ಕಡೆಗೆ ಗದ್ದ ಎತ್ತಿ ತೋರಿಸುತ್ತಾರೆ, ಮುಗಿಯಿತು. ನೀರು ನಿಂತ ದಿನ ಮಾತ್ರ ಆ ಗುಡ್ಡದ ಮೇಲಿರುವವರು ಇವರಿಗೆ ನೆನಪಾಗುತ್ತಾರೆ, ಅದೂ ಬೈಯುವುದಕ್ಕೆ. ಇರಲಿ, ಆ ಜಗಳ ಇಲ್ಲಿ ಬೇಡ. ಗುಡ್ಡದ ಮೇಲೆ ನೀರು ಶುದ್ಧ ಮಾಡುವ ಕೇಂದ್ರವೊಂದಿದೆ, ಅಲ್ಲಿ ತಿಲೋಮಾಯಿ ಎಂಬವಳು ಇದ್ದಾಳೆ. ಅಲ್ಲಿನ ಕೆಲಸಗಾರರಿಗೆ ಕೆಲಸ ಕಲಿಸುವುದು ಅವಳ ಕೆಲಸ. ಹೇಳಬೇಕಾದದ್ದು ಅವಳ ಕಥೆ.

ತಿಲೋಮಾಯಿ ಅಲ್ಲಿಗೆ ಸೇರಿದಾಗ ಶಾಲೆ ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪನ ಹೆಸರು ಸೆಫೋ, ಮರದ ಮೈಯ ಬಸ್ಸು ಓಡಿಸುತ್ತಿದ್ದ, ಅಮ್ಮ ಮಾರುಕಟ್ಟೆಯ ಮೂಲೆಯಲ್ಲಿ ಕೂತು ಪಾನಿಕೇಕೆ ಎಂಬ ಸಿಹಿ ಉಂಡೆ ಕರಿದು ಮಾರುತ್ತಿದ್ದಳು. ಸೇರಿದ ದಿನವೇ ಅವಳ ಕೈಗೆ ಪೊರಕೆ ಕೊಟ್ಟರು. ಹುಡುಗಿಗೆ ಪಂಪಿನ ಉಸಾಬರಿ ಯಾಕೆ ಎಂಬುದು ಆಗಿನವರ ಯೋಚನೆ. ಆ ಪೊರಕೆಯನ್ನು ಕಸಿದುಕೊಂಡು ಗೋಡೆಗೆ ಒರಗಿಸಿದವರು ಲೆವಾಸಾ.

"ಕಸ ಹಾರ್ಸೋಕೆ ಗಾಳಿ ಇದೆ. ನೀನು ಈ ಕಡೆ ಬಾ" ಎಂದರು.

ಲೆವಾಸಾ ಎಂದರೆ ದಕ್ಷಿಣ ತೀರದ ವಾಯ್‌ಮಾತಾ ಹಳ್ಳಿಯಲ್ಲಿ ತಮ್ಮ ಮನೆತನದ ಪಟ್ಟ ಹೊತ್ತ ಮತಾಯ್, ಅಂದರೆ ಯಜಮಾನರು. ಹುಟ್ಟಿದ ಹೆಸರು ಸೋಲೋಮೋನಾ, ಲೆವಾಸಾ ಎಂಬುದು ಪಟ್ಟದ ಹೆಸರು. ಪಟ್ಟ ಬಂದ ದಿನದಿಂದ ಆ ಹೆಸರನ್ನು ಎತ್ತುವ ಧೈರ್ಯ ಇದ್ದದ್ದು ಹೆಂಡತಿ ಲಗಿ ಒಬ್ಬಳಿಗೇ. ಹಳ್ಳಿಯ ಸಭೆಯಲ್ಲಿ ಅವರು ಬಾಯಿ ತೆರೆದರೆ ಪಟ್ಟವಿಲ್ಲದವರು ಉಸಿರು ಬಿಗಿಹಿಡಿದು ಕೂರಬೇಕು. ಅಂಥವರು ಕೇಂದ್ರದಲ್ಲಿ ನೀಲಿ ಅಂಗಿ ತೊಟ್ಟು ಕವಾಟ ತಿರುಗಿಸುತ್ತಿದ್ದರು.

ನೀರಿಗೆ ಕ್ಲೋರಿನ್ ಸಾಕಷ್ಟು ಬಿದ್ದಿದೆಯೇ ಎಂದು ನೋಡಲು ಆಗ ಒಂದು ಸರಳ ಉಪಾಯವಿತ್ತು. ಗಾಜಿನ ಕೊಳವೆಗೆ ನೀರು ತುಂಬಿ ಒಂದು ಮಾತ್ರೆ ಹಾಕುವುದು. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಎಷ್ಟು ಗಾಢವಾಗಿದೆ ಎಂಬುದನ್ನು ಒಂದು ಬಣ್ಣದ ಪಟ್ಟಿಯ ಜೊತೆ ಹೋಲಿಸಿ ನೋಡುವುದು. ಲೆವಾಸಾ ಕೊಳವೆಯನ್ನು ತಿಲೋಮಾಯಿಯ ಕಣ್ಣ ಮುಂದೆ ಹಿಡಿದು ಕೇಳುತ್ತಿದ್ದರು.

"ಹೇಳು, ಇದು ಪಟ್ಟಿಯ ಯಾವ ಮನೆಗೆ ಸೇರುತ್ತೆ?"

"ಮೂರನೇದು ಅನ್ಸುತ್ತೆ, ಯಜಮಾನ್ರೇ."

"ಅನ್ಸೋದು ಗಿನ್ಸೋದು ಬೇಡ. ಊರೆಲ್ಲ ಕುಡಿಯೋ ನೀರು. ಇನ್ನೊಂದ್ಸಲ ನೋಡಿ ಹೇಳು."

ಅವಳು ಹೇಳಿದ ಮೇಲೂ ಮತ್ತೊಬ್ಬನನ್ನು ಕರೆದು ನೋಡಿಸುತ್ತಿದ್ದರು. ಇಬ್ಬರ ಮಾತೂ ಒಂದೇ ಆದರೆ ಮಾತ್ರ ಕವಾಟಕ್ಕೆ ಕೈ. ದಿನಾ ಹೀಗೆ ನೋಡಿ ನೋಡಿ ತಿಲೋಮಾಯಿಯ ಕಣ್ಣು ಎಷ್ಟು ಪಳಗಿತು ಎಂದರೆ ಕೇಂದ್ರದಲ್ಲಿ ಅವಳಷ್ಟು ಚೆನ್ನಾಗಿ ಬಣ್ಣ ಓದುವವರು ಇನ್ನೊಬ್ಬರಿರಲಿಲ್ಲ. ಆ ಕಣ್ಣೇ ಅವಳನ್ನು ಮೇಲಕ್ಕೆ ತಂದಿತು. ಆಕ್ಲೆಂಡಿಗೆ ತರಬೇತಿಗೆ ಕಳಿಸಿದರು. ಹಿಂತಿರುಗಿದಾಗ ವಿಮಾನ ನಿಲ್ದಾಣದಲ್ಲಿ ಹೂವಿನ ಹಾರ ಹಿಡಿದು ನಿಂತಿದ್ದವರಲ್ಲಿ ಲೆವಾಸಾ ಮೊದಲಿಗರು. ಅವಳು ಈಗ ತಮ್ಮ ಮೇಲಿನ ಹುದ್ದೆಗೆ ಬಂದಿದ್ದಾಳೆಂಬುದು ಅವರಿಗೆ ಗೊತ್ತಿತ್ತು. "ನನ್ನ ಕೈಯಲ್ಲಿ ಬೆಳೆದ ಹುಡುಗಿ" ಎಂದು ಪಕ್ಕದಲ್ಲಿ ನಿಂತ ಅಪರಿಚಿತರಿಗೂ ಹೇಳುತ್ತಿದ್ದರಂತೆ.

ಆಮೇಲೆ ಮೇಲಿನಿಂದ ಆಜ್ಞೆ ಬಂತು. ಬಣ್ಣದ ಪಟ್ಟಿಯ ಕಾಲ ಮುಗಿಯಿತು, ಇನ್ನು ಮುಂದೆ ಅಂಕಿ ತೋರಿಸುವ ಮೀಟರು. ವರ್ಷದೊಳಗೆ ಎಲ್ಲ ಕೆಲಸಗಾರರೂ ಪರೀಕ್ಷಕರ ಮುಂದೆ ನಿಂತು ಮೀಟರು ಬಳಸಿ ತೋರಿಸಬೇಕು. ಪಾಸಾಗದವರಿಗೆ ನೀರಿನ ಹತ್ತಿರ ಕೆಲಸವಿಲ್ಲ, ಗೇಟಿನ ಹತ್ತಿರ ಕಾವಲಿನ ಕುರ್ಚಿ. ಎಲ್ಲರನ್ನೂ ತಯಾರು ಮಾಡುವ ಹೊಣೆ ತಿಲೋಮಾಯಿಯದು.

ಅವಳಿಗೆ ಹುರುಪು ಬಂತು. ಸ್ಟೋರಿನ ಪಕ್ಕದ ಕೋಣೆ ಖಾಲಿ ಮಾಡಿಸಿದಳು, ಕುರ್ಚಿ ಹಾಕಿಸಿದಳು, ಗೋಡೆಗೆ ಚಿತ್ರ ಅಂಟಿಸಿದಳು. ಮೊದಲ ದಿನ ಎಲ್ಲರೂ ಬಂದು ಕೂತರು. ಲೆವಾಸಾ ಮುಂದಿನ ಸಾಲಿನಲ್ಲಿ, ಉಳಿದವರು ಅವರ ಹಿಂದೆ. ತಿಲೋಮಾಯಿ ಮೀಟರು ಹಿಡಿದು ವಿವರಿಸಿದಳು. ಚೆನ್ನಾಗಿಯೇ ವಿವರಿಸಿದಳು, ಅದರಲ್ಲಿ ಎರಡು ಮಾತಿಲ್ಲ. ಕೊನೆಗೆ ಕೇಳಿದಳು, "ಅರ್ಥ ಆಯ್ತಾ?"

ನಮ್ಮಲ್ಲಿ ಹೌದು ಎನ್ನಲು ಬಾಯಿ ಬೇಕಿಲ್ಲ, ಹುಬ್ಬು ಎತ್ತಿದರೆ ಸಾಕು. ಕೋಣೆಯಲ್ಲಿ ಒಂದು ಹುಬ್ಬೂ ಅಲುಗಲಿಲ್ಲ. "ಯಾರಿಗಾದರೂ ಏನಾದರೂ ಕೇಳೋದಿದೆಯಾ?" ಎಂದಳು. ಹತ್ತು ಹನ್ನೆರಡು ಜನ ತಮ್ಮ ತಮ್ಮ ಚಪ್ಪಲಿ ನೋಡುತ್ತ ಕೂತರು. ಎರಡನೇ ವಾರವೂ ಇದೇ ಹಾಡು, ಮೂರನೇ ವಾರವೂ ಇದೇ. ತಿಲೋಮಾಯಿ ಮನೆಗೆ ಹೋಗಿ ಅಮ್ಮನ ಮುಂದೆ ಗೋಳಾಡಿದಳು: ಇವರೆಲ್ಲ ಕಲ್ಲುಬಂಡೆಗಳು, ನನ್ನಿಂದಾಗುವುದಿಲ್ಲ.

ನಾಲ್ಕನೇ ವಾರ ಅವಳಿಗೆ ಆಕ್ಲೆಂಡಿನಲ್ಲಿ ಹೇಳಿಕೊಟ್ಟದ್ದು ನೆನಪಾಯಿತು. ಜನ ಸುಮ್ಮನಿದ್ದರೆ ಒಬ್ಬರನ್ನು ಹೆಸರು ಹಿಡಿದು ಕೇಳು ಎಂದಿದ್ದರು ಅಲ್ಲಿ. ಅಲ್ಲಿಗೆ ಅದು ಸರಿಯೇ. ಇವಳು ಇಲ್ಲಿ ನೆಟ್ಟಗೆ ನಿಂತುಕೊಂಡು, ಕೂತಿದ್ದ ಲೆವಾಸಾರ ಕಡೆ ತಿರುಗಿ, ಕಿರಿಯರೆಲ್ಲರ ಎದುರು ಕೇಳಿಬಿಟ್ಟಳು.

"ಲೆವಾಸಾ, ಮಾತ್ರೆ ಹಾಕಿದ ಕೊಳವೆ ಇಡೋಕೆ ಮುಂಚೆ ಏನು ಮಾಡ್ಬೇಕು? ಹೇಳಿ ನೋಡೋಣ."

ಹಿರಿಯರು ಕೂತಿರುವಾಗ ನಿಂತು ಮಾತಾಡಬಾರದು ಎಂಬುದು ತೊದಲು ಮಾತಾಡುವ ಮಗುವಿಗೂ ಗೊತ್ತು. ನಿಂತದ್ದೂ ಅಲ್ಲದೆ ಪ್ರಶ್ನೆ, ಅದೂ ಉತ್ತರ ಗೊತ್ತಿಲ್ಲದ ಪ್ರಶ್ನೆ. ಹಿಂದಿನ ಸಾಲಿನಲ್ಲಿದ್ದ ಮಲಾಕಿ ಕಣ್ಣು ಮುಚ್ಚಿಕೊಂಡ. ಲೆವಾಸಾ ಮೀಟರನ್ನು ಒಮ್ಮೆ ನೋಡಿದರು. ಆಮೇಲೆ ಎದ್ದು, ಸೊಂಟಕ್ಕೆ ಸುತ್ತಿದ ಲಾವಲಾವ ಪಂಚೆಯನ್ನು ಸರಿಮಾಡಿಕೊಂಡು, "ತಿಲೋಮಾಯಿ ಹೇಳೋದೆಲ್ಲ ಸರಿಯಾಗೇ ಇದೆ" ಎಂದು ಮರ್ಯಾದೆಯಿಂದ ಹೇಳಿ ಹೊರಗೆ ಹೋದರು. ಮತ್ತೆ ಪಾಠದ ಕೋಣೆಗೆ ಕಾಲಿಡಲಿಲ್ಲ. ಅವರು ಬಾರದಿದ್ದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ನೆಪ ಹೇಳತೊಡಗಿದರು.

ಮಲಾಕಿಯನ್ನು ಪಂಪಿನ ಮನೆಯಲ್ಲಿ ಹಿಡಿದು ನಿಲ್ಲಿಸಿದಳು ತಿಲೋಮಾಯಿ. ಅವನು ಅವಳ ಓರಗೆಯವನು, ಬಾಯಿ ಸ್ವಲ್ಪ ಸಡಿಲ.

"ನಿಮಗೆಲ್ಲ ಏನಾಗಿದೆ? ಒಬ್ಬರಾದ್ರೂ ಬಾಯಿ ಬಿಡಬಾರ್ದಾ?"

"ನೀನು ಆಕ್ಲೆಂಡಿಗೆ ಹೋಗಿ ಬುದ್ಧಿ ಅಲ್ಲೇ ಇಟ್ಟು ಬಂದ್ಯಾ, ತಿಲೋ? ಯಜಮಾನ್ರು ಮಾತಾಡದೆ ನಾವು ಹೆಂಗೆ ಮಾತಾಡೋದು? ನನಗೆ ಆ ಮೀಟರಿಂದು ಏನೂ ತಲೆಗೆ ಹೋಗಿಲ್ಲ. ಕೇಳಿದ್ರೆ ಅವರಿಗಿಂತ ಮೊದಲು ಬಾಯಿ ಹಾಕಿದ ಹಾಗಾಗುತ್ತೆ. ಗೊತ್ತು ಅಂದ್ರೆ ಅವರಿಗೆ ಗೊತ್ತಿಲ್ಲ ಅಂತ ತೋರ್ಸಿದ ಹಾಗಾಗುತ್ತೆ. ಚಪ್ಪಲಿ ನೋಡೋದೇ ವಾಸಿ."

ತಿಲೋಮಾಯಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇದನ್ನು ಇನ್ನೊಬ್ಬರು ಹೇಳಬೇಕಾಯಿತೇ? ಲೆವಾಸಾ ಕಲಿತು ಬಾಯಿ ಬಿಟ್ಟರೆ ಮಾತ್ರ ಇಡೀ ಕೇಂದ್ರ ಬಾಯಿ ಬಿಡುತ್ತದೆ. ಅವರು ಕಲಿಯದಿದ್ದರೆ ಅವರಿಗೆ ಗೇಟಿನ ಕುರ್ಚಿ. ಉಳಿದವರಲ್ಲಿ ಎಷ್ಟು ಜನಕ್ಕೆ ಅದೇ ಗತಿಯೋ. ತನ್ನ ಕೈಯಿಂದ ಪೊರಕೆ ಬಿಡಿಸಿದವರನ್ನು ತಾನೇ ಗೇಟಿಗೆ ತಳ್ಳುವುದು ಅವಳಿಂದಾಗದ ಮಾತು.

ಶನಿವಾರ ಮೀನಿನ ಡಬ್ಬಿಗಳ ಒಂದು ಪೆಟ್ಟಿಗೆ ಕಾಣಿಕೆಗೆಂದು ಹೊತ್ತು ಬಸ್ಸು ಹತ್ತಿ ವಾಯ್‌ಮಾತಾಗೆ ಹೋದಳು. ಲೆವಾಸಾರ ಮನೆ ಗೋಡೆಯಿಲ್ಲದ ಹಳೆಯ ಕಾಲದ ಮನೆ, ಕಂಬಗಳ ನಡುವೆ ಚಾಪೆ ಹಾಸಿದ್ದರು. ತಿಲೋಮಾಯಿ ಒಳಗೆ ಹೋಗಲಿಲ್ಲ. ಅಂಚಿನಲ್ಲಿ ಕಾಲು ಮಡಿಸಿ, ಮೊಣಕಾಲ ಮೇಲೆ ಬಟ್ಟೆ ಎಳೆದುಕೊಂಡು, ತಲೆ ತಗ್ಗಿಸಿ ಕೂತಳು. ಲೆವಾಸಾ ಎದುರಿನ ಕಂಬಕ್ಕೆ ಒರಗಿ ಸಮುದ್ರ ನೋಡುತ್ತಿದ್ದರು. ಕೊನೆಗೆ ಒಲೆಯ ಕಡೆಯಿಂದ ಲಗಿಯ ದನಿ ಬಂತು.

"ಸೋಲೋಮೋನಾ, ಹುಡುಗಿ ಅಂಚಲ್ಲಿ ಕೂತು ಬಿಸಿಲಿಗೆ ಸುಡ್ತಾ ಇದಾಳೆ. ನಿಮ್ಮ ಠೀವಿ ಮುಗಿಯೋ ಹೊತ್ತಿಗೆ ಅವಳೂ ನನ್ನ ಕೆಸುವಿನ ಗೆಡ್ಡೆಯೂ ಒಟ್ಟಿಗೆ ಬೇಯ್ತಾರೆ."

"ಒಳಗೆ ಬಾ" ಎಂದರು ಲೆವಾಸಾ.

"ತಪ್ಪಾಯ್ತು, ಯಜಮಾನ್ರೇ. ನಿಂತು ಮಾತಾಡಿದೆ. ಎಲ್ಲರ ಮುಂದೆ ಕೇಳಿದೆ."

"ಅದು ಹೋಯ್ತು ಬಿಡು."

"ಹೋಗಿಲ್ಲ. ನೀವು ಬರ್ತಿಲ್ಲ. ಯಾರೂ ಬರ್ತಿಲ್ಲ. ನೀವು ನನಗೆ ಕಲಿಸಿದ್ದು ನೆನಪಿದೆ. ಹಾಗೆ ಕಲಿಸೋದು ಹೆಂಗೆ ಅಂತ ನನಗೆ ಗೊತ್ತಾಗ್ತಿಲ್ಲ. ಅದನ್ನಾದ್ರೂ ಹೇಳಿಕೊಡಿ."

ಲೆವಾಸಾ ನಕ್ಕರು. ಆ ನಗುವಿನಲ್ಲಿ ಖುಷಿ ಇರಲಿಲ್ಲ. "ನಾನು ಕಲಿಸಲಿಲ್ಲ, ಹುಡುಗಿ. ನಿನ್ನ ಕಣ್ಣು ಸಾಲ ತಗೊಂಡೆ."

ಅವಳಿಗೆ ತಿಳಿಯಲಿಲ್ಲ.

"ಆ ಗುಲಾಬಿ ಬಣ್ಣ ಇದೆಯಲ್ಲ, ಅದು ನನಗೆ ಕಾಣಲ್ಲ. ಹುಟ್ಟಿದಾಗಿಂದ ಇಲ್ಲ. ಮಾತ್ರೆ ಹಾಕಿದ ನೀರೂ ಹಾಕದ ನೀರೂ ನನಗೆ ಒಂದೇ. ಅದಕ್ಕೇ ನಿಮ್ಮನ್ನೆಲ್ಲ ಕರೆದು ಕರೆದು ಕೇಳ್ತಿದ್ದೆ. ಇಬ್ಬಿಬ್ಬರನ್ನ ಕೇಳ್ತಿದ್ದೆ, ನೀರು ಕೆಡಬಾರ್ದು ಅಂತ. ನೀವು ಪರೀಕ್ಷೆ ಅಂದ್ಕೊಂಡ್ರಿ. ನಾನೂ ಹಂಗೇ ಇರ್ಲಿ ಅಂದ್ಕೊಂಡೆ."

ಲಗಿ ಒಲೆಯ ಹತ್ತಿರದಿಂದ ಎದ್ದು ಬಂದಿದ್ದಳು. ಅವಳಿಗೂ ಇದು ಹೊಸ ಸುದ್ದಿ ಎಂದು ಮುಖ ಹೇಳುತ್ತಿತ್ತು. "ಅದಕ್ಕೇನಾ ನನ್ನ ಮದುವೆ ದಿನದ ಬಟ್ಟೆ ಬೂದಿ ಬಣ್ಣ ಅಂದಿದ್ದು? ಅದಕ್ಕೆ ಆವತ್ತು ಪೂರ್ತಿ ಅತ್ತಿದ್ದೆ ನಾನು" ಎಂದಳು. ಲೆವಾಸಾ ಈಗ ನಿಜವಾಗಿ ನಕ್ಕರು.

ತಿಲೋಮಾಯಿ ನಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಸಾಲವೋ ಕಲಿಸಿದ್ದೋ, ಅವಳಿಗೆ ಅದರಿಂದ ಏನಾಗಬೇಕು? ಬಣ್ಣ ಕಾಣುವ ಎಷ್ಟೋ ಜನ ಆ ಕೇಂದ್ರದಲ್ಲಿದ್ದರು, ಒಬ್ಬರೂ ಅವಳ ಕೈಯ ಪೊರಕೆ ಬಿಡಿಸಿರಲಿಲ್ಲ. "ಯಜಮಾನ್ರೇ, ಹಾಗಾದ್ರೆ ಈ ಮೀಟರು ನಿಮಗೇ ಅಂತ ಬಂದಿದೆ. ಅದು ಬಣ್ಣ ಹೇಳಲ್ಲ, ಅಂಕಿ ಹೇಳುತ್ತೆ" ಎಂದಳು.

ಲೆವಾಸಾ ಹುಬ್ಬು ಎತ್ತಿದರು.

ಪಾಠ ಶುರುವಾದದ್ದು ಹಾಗೆ. ಬೆಳಿಗ್ಗೆ ಉಳಿದವರು ಬರುವ ಮೊದಲು, ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ, ಇಬ್ಬರೂ ಸಮನಾಗಿ ಕೂತು. ಲಗಿ ಕಳಿಸಿದ ಕೋಕೋ ಒಂದು ಫ್ಲಾಸ್ಕಿನಲ್ಲಿರುತ್ತಿತ್ತು. ಲೆವಾಸಾ ಒಳ್ಳೆಯ ವಿದ್ಯಾರ್ಥಿ ಎಂದು ಹೇಳಿದರೆ ಸುಳ್ಳಾಗುತ್ತದೆ. ದಪ್ಪ ಬೆರಳು, ಸಣ್ಣ ಗುಂಡಿ. ಒಂದು ಒತ್ತಿದರೆ ಎರಡು ಒತ್ತಿಹೋಗುತ್ತಿತ್ತು. ಸಿಟ್ಟು ಬಂದರೆ ಮೀಟರಿಗೆ ಹಳ್ಳಿಯ ಸಭೆಯ ಭಾಷೆಯಲ್ಲಿ ಛೀಮಾರಿ ಹಾಕುತ್ತಿದ್ದರು. ತಿಲೋಮಾಯಿಗೂ ತಾಳ್ಮೆ ತಪ್ಪುತ್ತಿತ್ತು.

"ಮೊದಲು ಬರಿಯ ನೀರು ಇಟ್ಟು ಸೊನ್ನೆ ಮಾಡಿ. ಆಮೇಲೆ ಮಾತ್ರೆ ಹಾಕಿದ್ದು. ನೂರು ಸಲ ಹೇಳಿದೀನಿ."

"ನೂರಾ ಒಂದನೇ ಸಲ ಹೇಳು. ನಿನಗೆ ಪಂಪು ಬಿಚ್ಚೋಕೆ ಹೇಳಿಕೊಟ್ಟಾಗ ನಾನು ಎಣಿಸಿದ್ನಾ?"

ಅವಳು ನೂರಾ ಒಂದನೇ ಸಲ ಹೇಳುತ್ತಿದ್ದಳು. ಅವರು ಎಣಿಸಿರಲಿಲ್ಲ, ಅದು ನಿಜ.

ದಿನ ಕಳೆದಂತೆ ಕೈ ಕೂತಿತು. ಲೆವಾಸಾ ಪಾಠದ ಕೋಣೆಗೂ ಬರತೊಡಗಿದರು. ಗೊತ್ತಿದ್ದ ಪ್ರಶ್ನೆಗೆ ತಾವೇ ಮೊದಲು ಉತ್ತರ ಹೇಳುತ್ತಿದ್ದರು, ಅವರ ಹಿಂದೆ ಮಲಾಕಿ ಮುಂತಾದವರು ಒಂದೊಂದು ಮಾತು ಆಡುತ್ತಿದ್ದರು. ಆದರೆ ತಿಳಿಯದ್ದನ್ನು ಕೇಳುವವರು ಯಾರೂ ಇರಲಿಲ್ಲ. ಯಜಮಾನರು ಏನನ್ನೂ ಕೇಳುವುದಿಲ್ಲವಲ್ಲ, ನಾವು ಹೇಗೆ ಕೇಳುವುದು?

ಪರೀಕ್ಷೆಯ ದಿನ ನ್ಯೂಜಿಲೆಂಡಿನಿಂದ ರಾಡ್ನಿ ಎಂಬ ಪರೀಕ್ಷಕ ಬಂದ. ಒಳ್ಳೆಯ ಮನುಷ್ಯ, ಬೆವರು ಜಾಸ್ತಿ. ಎಲ್ಲರನ್ನೂ ಪಾಠದ ಕೋಣೆಯಲ್ಲಿ ಕೂರಿಸಿದ. ಮೊದಲು ಲೆವಾಸಾ. ಅದು ಹಾಗೇ ಆಗಬೇಕು, ಅವರಿಗಿಂತ ಮೊದಲು ಏಳುವವರು ಯಾರಿದ್ದರು? ತಿಲೋಮಾಯಿ ಗೋಡೆಯ ಪಕ್ಕ ನಿಂತಿದ್ದಳು. ಪರೀಕ್ಷೆ ನಡೆಯುವಾಗ ಅವಳು ತುಟಿ ಬಿಚ್ಚುವಂತಿಲ್ಲ ಎಂಬುದು ನಿಯಮ.

ಲೆವಾಸಾ ಎರಡು ಕೊಳವೆಗೂ ನೀರು ತುಂಬಿದರು. ಒಂದಕ್ಕೆ ಮಾತ್ರೆ ಹಾಕಿ ಕುಲುಕಿದರು. ಅಷ್ಟರಲ್ಲಿ ರಾಡ್ನಿ ಏನೋ ಕೇಳಿದ, ಲೆವಾಸಾ ಕೊಳವೆಗಳನ್ನು ಮೇಜಿನ ಮೇಲಿಟ್ಟು ಉತ್ತರ ಹೇಳಿದರು. ಮತ್ತೆ ಮೇಜಿನ ಕಡೆ ತಿರುಗಿದಾಗ ಅವರ ಕೈ ಗಾಳಿಯಲ್ಲೇ ನಿಂತಿತು. ಒಂದು ಕೊಳವೆಯ ನೀರು ತೆಳು ಗುಲಾಬಿ, ಇನ್ನೊಂದರದು ತಿಳಿ. ತಿಲೋಮಾಯಿಗೆ ಅದು ಹಗಲಿನಷ್ಟು ಸ್ಪಷ್ಟ. ಅವರಿಗೆ ಎರಡೂ ಒಂದೇ. ಕಟ್ಟೆಯ ಮೇಲೆ ಕೊಳವೆಗಳನ್ನು ಒಂದೊಂದಾಗಿ ಎತ್ತಿಕೊಡುತ್ತಿದ್ದವಳು ಅವಳೇ. ಇಷ್ಟು ತಿಂಗಳು ಪಾಠ ಮಾಡಿದವಳಿಗೆ ಇದು ಹೊಳೆಯಲೇ ಇಲ್ಲವಲ್ಲ. ಕೊಳವೆಗೊಂದು ಗುರುತು ಕಟ್ಟಿಕೊಡಬೇಕೆಂದು ಕೂಡ ತೋಚದ ತಾನು ಎಂಥ ಗುರು?

ಲೆವಾಸಾ ಒಂದನ್ನು ಎತ್ತಿ ಮೀಟರಿಗಿಟ್ಟು ಸೊನ್ನೆ ಮಾಡಿದರು. ಎತ್ತಿದ್ದು ಗುಲಾಬಿಯದನ್ನು. ಆಮೇಲೆ ತಿಳಿನೀರಿನದನ್ನಿಟ್ಟು ಗುಂಡಿ ಒತ್ತಿದರು. ಮೀಟರು ಅರ್ಥವಿಲ್ಲದ ಗುರುತು ತೋರಿಸಿ ಮಿನುಗಿತು. ಲೆವಾಸಾ ನೀರನ್ನು ಮೂಸಿ ನೋಡಿದರು. ಕ್ಲೋರಿನ್ ವಾಸನೆ ಗಾಢವಾಗಿತ್ತು, ಅಂಕಿ ಬರಲೇಬೇಕಿತ್ತು. ಮತ್ತೆ ಮೀಟರು ನೋಡಿದರು. ಹಿಂದೆ ಕೂತವರೆಲ್ಲ ಚಪ್ಪಲಿ ನೋಡಲು ಶುರುಮಾಡಿದರು. ಅವರು ಆವತ್ತಿನ ಹಾಗೆ ಎದ್ದು ಹೋಗುತ್ತಾರೆ, ಈ ಸಲ ಹೋದರೆ ಮತ್ತೆ ಬರುವುದಿಲ್ಲ ಎಂದು ತಿಲೋಮಾಯಿಗೆ ಅನಿಸಿತು.

ಲೆವಾಸಾ ಎದ್ದರು. ಬಾಗಿಲ ಕಡೆ ಹೋಗಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ನಿಂತಿದ್ದ ತಿಲೋಮಾಯಿಯ ಎದುರು ಬಂದು, ನೆಲದ ಮೇಲೆ ಕಾಲು ಮಡಿಸಿ ಕೂತರು. ಅಲ್ಲಿದ್ದ ಒಬ್ಬರೂ ಅಂಥದ್ದನ್ನು ಕಂಡವರಲ್ಲ.

"ನನಗೆ ಗುಲಾಬಿ ಬಣ್ಣ ಕಾಣಲ್ಲ" ಎಂದರು, ಕೋಣೆಗೆಲ್ಲ ಕೇಳುವ ಹಾಗೆ. "ಯಾವುದಕ್ಕೆ ಮಾತ್ರೆ ಹಾಕಿದೆ ಅಂತ ಗೊತ್ತಾಗ್ಲಿಲ್ಲ. ತಪ್ಪು ಮಾಡಿದೆ. ತಿಲೋಮಾಯಿ, ನನ್ನಂಥವನು ಇದನ್ನ ಹೆಂಗೆ ಮಾಡ್ಬೇಕು, ಹೇಳಿಕೊಡು."

ತಿಲೋಮಾಯಿ ರಾಡ್ನಿಯ ಮುಖ ನೋಡಿದಳು. ಅವನು ಪೆನ್ನು ಕೆಳಗಿಟ್ಟ. "ಇವತ್ತಿನ ಪರೀಕ್ಷೆಯಲ್ಲಿ ಅವರು ಪಾಸಾಗಲಿಲ್ಲ. ಎರಡನೇ ಅವಕಾಶ ಇದೆ, ಮುಂದಿನ ತಿಂಗಳು ಬರ್ತೀನಿ. ಈಗ ನೀನು ಹೇಳಿಕೊಡಬಹುದು" ಎಂದ.

ಅವಳು ಕೂದಲಿಗೆ ಕಟ್ಟಿದ್ದ ರಬ್ಬರ್ ಬ್ಯಾಂಡು ಬಿಚ್ಚಿ, ತಾನೂ ಅವರೆದುರು ನೆಲದ ಮೇಲೆ ಕೂತು, ಬರಿಯ ನೀರಿನ ಕೊಳವೆಗೆ ಅದನ್ನು ಸುತ್ತಿ ಅವರ ಕೈಗೆ ಕೊಟ್ಟಳು. "ಬ್ಯಾಂಡು ಇರೋದಕ್ಕೆ ಮಾತ್ರೆ ಇಲ್ಲ" ಎಂದಳು. ಅಷ್ಟೇ ಮಾತು. ಲೆವಾಸಾ ಬೆರಳಿನಿಂದ ಆ ಬ್ಯಾಂಡನ್ನು ಮುಟ್ಟಿ ಮುಟ್ಟಿ ನೋಡಿದರು.

ಆಗ ಹಿಂದಿನ ಸಾಲಿನಿಂದ ಮಲಾಕಿಯ ದನಿ. "ಹಂಗಿದ್ರೆ ನಾನೂ ಕೇಳ್ತೀನಿ. ಆ ಎರಡನೇ ಗುಂಡಿ ಯಾತಕ್ಕಿರೋದು? ಇವತ್ತಿಗೂ ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದ ಇನ್ನೊಬ್ಬ.

"ನಾನು ಅದನ್ನ ಮುಟ್ಟೇ ಇಲ್ಲ, ಸಿಡಿದುಬಿಟ್ರೆ ಅಂತ" ಎಂದ ಮತ್ತೊಬ್ಬ. ಕೋಣೆ ಬಿದ್ದು ಬಿದ್ದು ನಕ್ಕಿತು. ಲೆವಾಸಾ ಎಲ್ಲರಿಗಿಂತ ಜೋರಾಗಿ ನಕ್ಕರು. ರಾಡ್ನಿ ಉಳಿದವರ ಪರೀಕ್ಷೆಯನ್ನೂ ಮುಂದಿನ ತಿಂಗಳಿಗೆ ಹಾಕಿದ. ಆ ತಿಂಗಳಿಡೀ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ತಿಲೋಮಾಯಿಯ ಗಂಟಲು ಕಟ್ಟಿತು. ಅಮ್ಮ ದಿನಾ ಬಿಸಿನೀರಿಗೆ ನಿಂಬೆ ಹಿಂಡಿ ಕೊಡಬೇಕಾಯಿತು. ಬೈಯುತ್ತಲೇ ಕೊಟ್ಟಳು, ಆದರೆ ಮಗಳು ಗೋಳಾಡುವುದು ನಿಂತಿತ್ತು.

ಮುಂದಿನ ತಿಂಗಳು ರಾಡ್ನಿ ಬಂದ. ಲೆವಾಸಾ ಮೀಟರು ಹಿಡಿದರು, ಬ್ಯಾಂಡಿನ ಕೊಳವೆ ಮೊದಲು, ಇನ್ನೊಂದು ಆಮೇಲೆ. ಅಂಕಿ ಸರಿಯಾಗಿ ಬಂತು. ರಾಡ್ನಿ ಕೈಕುಲುಕಿದ. ಪ್ರಮಾಣಪತ್ರಕ್ಕೆ ಬರೆಯಬೇಕಿತ್ತು, "ಪೂರ್ತಿ ಹೆಸರು ಹೇಳಿ" ಎಂದ.

ಹೆಸರು ಹೇಳಿ ಎಂದು ಮತಾಯ್ ಒಬ್ಬರನ್ನು ಕೇಳುವುದು ಸಣ್ಣ ಮಾತಲ್ಲ, ಆದರೆ ಪಾಪ, ಅವನಿಗೇನು ಗೊತ್ತು. ಲೆವಾಸಾ ಎದ್ದು ನಿಂತರು. ಹಳ್ಳಿಯ ಸಭೆಯಲ್ಲಿ ನಿಲ್ಲುವ ಹಾಗೆ, ಪಾದ ಊರಿ, ಎದೆ ಅರಳಿಸಿ. ತಮ್ಮ ಹಳ್ಳಿಯ ಹೆಸರು ಹೇಳಿದರು. ಆ ಹಳ್ಳಿಯ ಹಿರಿಯರಿಗೆ ಸಲ್ಲಬೇಕಾದ ಗೌರವದ ಮಾತುಗಳನ್ನು ಒಂದೊಂದಾಗಿ ಹೇಳಿದರು. ಪಟ್ಟ ಕೊಟ್ಟ ತಾತನ ಹೆಸರು, ಅವನ ತಾತನ ಹೆಸರು. ರಾಡ್ನಿ ಬರೆಯುವುದನ್ನು ಬಿಟ್ಟು ಕೂತ. ಅಲ್ಲಿಗೆ ಮುಗಿಯಬೇಕು, ಯಾವಾಗಲೂ ಅಲ್ಲಿಗೇ ಮುಗಿಯುತ್ತದೆ. ಲೆವಾಸಾ ಮುಗಿಸಲಿಲ್ಲ.

"ಬಸ್ಸು ಓಡಿಸೋ ಸೆಫೋನ ಮಗಳು, ಮಾರುಕಟ್ಟೇಲಿ ಪಾನಿಕೇಕೆ ಮಾರೋ ತಾಯಿಯ ಮಗಳು ತಿಲೋಮಾಯಿ" ಎಂದರು ಅದೇ ದನಿಯಲ್ಲಿ, ತಾತಂದಿರ ಹೆಸರಿಗೆ ಕೊಟ್ಟಷ್ಟೇ ತೂಕ ಕೊಟ್ಟು. "ನಾನು ಅವಳ ಶಿಷ್ಯ, ಲೆವಾಸಾ."

ತಿಲೋಮಾಯಿ ಗೋಡೆಯ ಪಕ್ಕ ಅಲ್ಲೇ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು.